ಥಾರ್ ಮರಳಿಗೆ ಒಡಹುಟ್ಟಿದವರ ಬೈಕ್ ಪ್ರಯಾಣ: ಮುಂದೆ ಯಾರು, ಹಿಂದೆ ಯಾರು?

ಪ್ರಶ್ನೆ: ನಾವು ಸಿರುಗುಪ್ಪ ತಾಲ್ಲೂಕಿನವರು. ನಾನು, ನನ್ನ ತಮ್ಮ ಮತ್ತು ತಂಗಿ ಮೂವರೂ ಬೈಕ್ ಓಡಿಸುತ್ತೇವೆ. ಭತ್ತದ ಕಟಾವು ಮುಗಿದ ಮೇಲೆ ಡಿಸೆಂಬರ್ ಕೊನೆಗೆ ಜೈಸಲ್ಮೇರ್‌ಗೆ ಹೋಗಿ, ಡಾಂಬರು ರಸ್ತೆ ಬಿಟ್ಟು, ಥಾರ್ ಮರುಭೂಮಿಯ ಒಳದಾರಿಗಳಲ್ಲಿ ನಾಲ್ಕೈದು ದಿನ ಸುತ್ತಬೇಕೆಂಬ ಆಸೆಯಿದೆ. ನನ್ನ ಬಳಿ ಹಿಮಾಲಯನ್ ಇದೆ, ತಮ್ಮನ ಬಳಿ ಎಕ್ಸ್‌ಪಲ್ಸ್ ಇದೆ, ತಂಗಿಗೆ ಇನ್ನೂ ಬೈಕ್ ಗೊತ್ತುಮಾಡಿಲ್ಲ. ಹಿರಿಯನಾದ ನಾನೇ ದಾರಿ ಮಾಡಿಕೊಂಡು ಮುಂದೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಇನ್ನೇನು ಸಿದ್ಧತೆ ಬೇಕು?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಟೈರು, ಪೆಟ್ರೋಲುಗಳ ವಿಚಾರಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹಿರಿಯರೆಂಬ ಕಾರಣಕ್ಕೆ ನೀವು ಮುಂದೆ ಹೋಗಬೇಡಿ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರನ್ನು ಮುಂದೆ ಬಿಡಿ. ಅವರ ಬೆನ್ನಿಗೇ ನಿಮ್ಮ ಮೂವರಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡಿಸುವವರು ಇರಲಿ. ನೀವು ಎಲ್ಲರಿಗಿಂತ ಹಿಂದೆ ಇರಿ.

ಹೀಗೆ ಹೇಳಲು ನನಗೆ ಸ್ವಂತ ಅನುಭವದ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾವೂ ಮೂವರು, ನಾನು, ತಮ್ಮ ಮತ್ತು ತಂಗಿ, ಬಳ್ಳಾರಿಯಿಂದ ಅದೇ ಕಡೆಗೆ ಹೋಗಿದ್ದೆವು. ಮನೆಯಲ್ಲಿ ಹೊಲದ ವ್ಯವಹಾರದಿಂದ ಹಿಡಿದು ಹಬ್ಬದ ಬಟ್ಟೆಯವರೆಗೆ ನಾನು ಹೇಳಿದಂತೆಯೇ ನಡೆಯುತ್ತಿತ್ತು, ಮರಳಿನಲ್ಲಿಯೂ ಹಾಗೆಯೇ ನಡೆಯಿತು. ಜೈಸಲ್ಮೇರ್‌ನಿಂದ ನೈಋತ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಖೂರಿ ಎಂಬ ಹಳ್ಳಿಯಿಂದ ಹೊರಟ ಎರಡನೆಯ ದಿನ, ಸೂರ್ಯ ಇಳಿಯುವ ಹೊತ್ತಿಗೆ ನಾನು ತಿರುಗಿ ನೋಡಿದಾಗ ಹಿಂದೆ ಎರಡು ಹೆಡ್‌ಲೈಟ್‌ಗಳ ಬದಲು ಒಂದೇ ಕಾಣಿಸಿತು. ತಮ್ಮ ಮತ್ತು ನಾನು ತಿರುಗಿ ಬಂದು ಮುಕ್ಕಾಲು ಗಂಟೆ ಹುಡುಕಿದೆವು. ತಂಗಿ ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ, ಬ್ಯಾಟರಿ ಉಳಿಯಲೆಂದು ದೀಪ ಆರಿಸಿ, ಮಲಗಿದ ಬೈಕಿನ ಪಕ್ಕ ಕುಳಿತಿದ್ದಳು. ಒಮ್ಮೆ ನಾವು ಅವಳಿಂದ ಐವತ್ತು ಹೆಜ್ಜೆ ದೂರದಲ್ಲಿ ದಿಬ್ಬದ ಆಚೆ ಬದಿಯಿಂದಲೇ ಹಾದು ಹೋಗಿದ್ದೆವು. ಬೂಟು ಬಿಚ್ಚಿದಾಗ ಕಾಲ್ಚೀಲದ ಗೆರೆಗಳು ಕಣಕಾಲಿನ ಮೇಲೆ ಅಚ್ಚೊತ್ತಿದ್ದವು, ಅಷ್ಟು ಬಾವು ಬಂದಿತ್ತು. ಬೆಳಿಗ್ಗೆಯೇ ಒಮ್ಮೆ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು. ಏಕೆ ಹೇಳಲಿಲ್ಲವೆಂದು ಕೇಳಿದರೆ, "ಹೇಳಿದ್ರ ನೀನು ಬೈತಿದ್ದಿ ಅಣ್ಣಾ" ಎಂದಳು. ತಮ್ಮನಿಗೆ ಆ ವಿಷಯ ಮಧ್ಯಾಹ್ನವೇ ಗೊತ್ತಿತ್ತು. ಅವನೂ ಹೇಳಿರಲಿಲ್ಲ.

ಗೆಳೆಯರ ಜೊತೆ ಹೋದವರು ಸುಸ್ತಾದರೆ ಗಾಡಿ ನಿಲ್ಲಿಸಿ ಕೂಗಿ ಹೇಳುತ್ತಾರೆ. ಒಡಹುಟ್ಟಿದವರು ಹಾಗೆ ಮಾಡುವುದಿಲ್ಲ. ಚಿಕ್ಕಂದಿನಿಂದ ಯಾರಿಗೆ ಯಾರು ಹೆದರುತ್ತ, ಯಾರು ಯಾರ ಮಾತು ಕೇಳುತ್ತ ಬಂದಿರುತ್ತಾರೋ ಆ ಕ್ರಮವನ್ನೇ ಮರಳಿಗೂ ಹೊತ್ತುಕೊಂಡು ಹೋಗುತ್ತಾರೆ. ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಕೆಲವು ಮಾತುಗಳನ್ನು ಗಟ್ಟಿ ಮಾಡಿಕೊಳ್ಳಿ. ನಿಲ್ಲೋಣವೆಂದು ಯಾರು ಹೇಳಿದರೂ, ಅವರು ಎಲ್ಲರಿಗಿಂತ ಕಿರಿಯರಾದರೂ, ಕಾರಣ ಕೇಳದೆ ನಿಲ್ಲಬೇಕು. ಪ್ರತಿ ಸವಾರನೂ ಕನ್ನಡಿಯಲ್ಲಿ ತನ್ನ ಹಿಂದಿನವರು ಕಾಣುವಷ್ಟೇ ಮುಂದೆ ಹೋಗಬೇಕು, ಕಾಣದಾದರೆ ಮುಂದಿನ ದಿಬ್ಬದ ನೆತ್ತಿಯಲ್ಲಿ ನಿಂತು ಕಾಯಬೇಕು. ಸಂಜೆ ನಾಲ್ಕೂವರೆಯ ನಂತರ ಹೊಸ ದಿಬ್ಬ ಹತ್ತಬಾರದು. ಮೂರನೆಯ ದಿನದಿಂದ ನಾವು ಊರಿನವರೊಬ್ಬರನ್ನು ಮಾರ್ಗದರ್ಶಿಯಾಗಿ ಕರೆದುಕೊಂಡು, ತಂಗಿಯನ್ನು ಅವರ ಹಿಂದೆಯೇ ಬಿಟ್ಟೆವು. ನಮ್ಮ ವೇಗ ಅರ್ಧಕ್ಕೆ ಇಳಿಯಿತು, ಆದರೆ ಬೀಳುವುದು ಹೆಚ್ಚೂಕಡಿಮೆ ನಿಂತುಹೋಯಿತು.

ಇನ್ನು ಕಾಲದ ವಿಚಾರ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಸರಿಯಾದದ್ದು. ಮೇ, ಜೂನ್ ತಿಂಗಳುಗಳಲ್ಲಿ ಅಲ್ಲಿ ಉಷ್ಣಾಂಶ 45 ಡಿಗ್ರಿ ದಾಟುತ್ತದೆ, ಜೊತೆಗೆ ಅಲ್ಲಿಯವರು ಆಂಧಿ ಎಂದು ಕರೆಯುವ ದೂಳಿನ ಬಿರುಗಾಳಿ ಏಳುತ್ತದೆ. ಬಿಸಿಲು ನಮ್ಮ ಬಳ್ಳಾರಿ, ರಾಯಚೂರಿನವರಿಗೆ ಹೊಸದಲ್ಲ. ನಮ್ಮವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗುವುದು ಅಲ್ಲಿನ ರಾತ್ರಿಯ ಚಳಿಯನ್ನು. ಹಗಲು ಅಂಗಿಯಲ್ಲಿ ಓಡಾಡಿದ ಜಾಗದಲ್ಲಿಯೇ ಡಿಸೆಂಬರ್ ರಾತ್ರಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಒಣಗಾಳಿಯಲ್ಲಿ ಬೆವರು ಕಾಣಿಸುವುದೇ ಇಲ್ಲವಾದ್ದರಿಂದ ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು, ಓಆರ್‌ಎಸ್ ಪೊಟ್ಟಣಗಳು, ದಪ್ಪನೆಯ ಜಮಖಾನೆ ಅಥವಾ ಸ್ಲೀಪಿಂಗ್ ಬ್ಯಾಗ್ ಇರಲೇಬೇಕು. ನೀರನ್ನು ಒಂದೇ ಗಾಡಿಯಲ್ಲಿ ಇಡದೆ ಮೂರಕ್ಕೂ ಹಂಚಿರಿ.

ಜೈಸಲ್ಮೇರ್‌ಗೆ ಬಳ್ಳಾರಿಯಿಂದ 1,700 ಕಿಲೋಮೀಟರ್‌ಗೂ ಹೆಚ್ಚು ದೂರ. ಅಷ್ಟನ್ನೂ ಓಡಿಸಿಕೊಂಡು ಹೋದರೆ ಮರಳು ಮುಟ್ಟುವ ಮೊದಲೇ ಬೆನ್ನು ಸೋತಿರುತ್ತದೆ. ಹುಬ್ಬಳ್ಳಿ ಮೂಲಕ ಜೋಧಪುರಕ್ಕೆ ಹೋಗುವ ರೈಲಿನಲ್ಲಿ ಬೈಕುಗಳನ್ನು ಪಾರ್ಸೆಲ್ ಮಾಡುವುದು ಮೇಲು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲುಗಳನ್ನು ಕೊಟ್ಟು, ಹ್ಯಾಂಡಲ್, ಟ್ಯಾಂಕ್, ದೀಪಗಳಿಗೆ ಗೋಣಿಚೀಲ ಸುತ್ತಿಸಬೇಕು. ಬೈಕುಗಳು ನೀವು ತಲುಪಿದ ದಿನವೇ ತಲುಪುತ್ತವೆಂಬ ಭರವಸೆ ಬೇಡ, ಎರಡು ದಿನ ಕೈಯಲ್ಲಿರಲಿ.

ಬೈಕುಗಳಲ್ಲಿ ನಿಮ್ಮ ಹಿಮಾಲಯನ್ ಇನ್ನೂರು ಕಿಲೋ ಹತ್ತಿರ ತೂಗುತ್ತದೆ, ಎಕ್ಸ್‌ಪಲ್ಸ್ ನೂರ ಅರವತ್ತು ಕಿಲೋ ಆಸುಪಾಸಿನಲ್ಲಿದೆ. ಡಾಂಬರಿನ ಮೇಲೆ ತೂಕ ಸಹಾಯಕ್ಕೆ ಬರುತ್ತದೆ, ಮೆತ್ತನೆಯ ಮರಳಿನಲ್ಲಿ ಅದೇ ತೂಕ ಗಾಡಿಯನ್ನು ಹೂಳುತ್ತದೆ. ತಂಗಿಗೆ ಹಗುರವಾದ ಬೈಕನ್ನೇ ಗೊತ್ತುಮಾಡಿ.

ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು 16ರಿಂದ 18 ಪೌಂಡ್‌ಗೆ ಇಳಿಸಬೇಕು. ಗಾಳಿ ಕಡಿಮೆಯಾದಾಗ ಟೈರು ಅಗಲವಾಗಿ ಮರಳಿನ ಮೇಲೆ ಒರಗುತ್ತದೆ, ಕೊರೆದುಕೊಂಡು ಕೆಳಗೆ ಹೋಗುವುದಿಲ್ಲ. ಅದಕ್ಕಿಂತ ಇಳಿಸಿದರೆ ಟ್ಯೂಬ್ ಇರುವ ಚಕ್ರದಲ್ಲಿ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಬೇಕಾದ್ದರಿಂದ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು ಜೊತೆಗಿರಲಿ. ಚೈನಿಗೆ ಎಣ್ಣೆ ಹೆಚ್ಚು ಬಿಡಬಾರದು, ಎಣ್ಣೆಗೆ ಅಂಟಿದ ಮರಳು ಅರದಂತೆ ಹಲ್ಲುಚಕ್ರವನ್ನು ತಿನ್ನುತ್ತದೆ. ಏರ್ ಫಿಲ್ಟರ್ ಅನ್ನು ಪ್ರತಿ ಸಂಜೆ ಬಿಚ್ಚಿ ನೋಡಿ. ಸಂಡೂರಿನ ಅದಿರು ಲಾರಿಗಳ ಹಿಂದೆ ಓಡಿಸಿದವರಿಗೆ ಈ ಕೆಲಸವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ದಿಬ್ಬವನ್ನು ಅಲ್ಲಿಯವರು ಧೋರಾ ಎನ್ನುತ್ತಾರೆ. ಗಾಳಿ ಬೀಸಿ ಬರುವ ಕಡೆ ಅದು ಇಳಿಜಾರಾಗಿ ಗಟ್ಟಿಯಿರುತ್ತದೆ, ಆಚೆ ಬದಿಯಲ್ಲಿ ಕಡಿದಾಗಿ, ಸಡಿಲವಾಗಿ, ಕಾಲಿಟ್ಟರೆ ಜಾರುವಂತಿರುತ್ತದೆ. ನೆತ್ತಿಯನ್ನು ಹಾರಿ ದಾಟುವ ಹುಮ್ಮಸ್ಸು ಅನೇಕರ ಕಾಲು, ಕೊರಳೆಲುಬು ಮುರಿದಿದೆ. ನೆತ್ತಿಗೆ ಸ್ವಲ್ಪ ಕೆಳಗೆ ವೇಗ ತಗ್ಗಿಸಿ, ಆಚೆ ಏನಿದೆಯೆಂದು ನೋಡಿ, ಇಳಿಯುವಾಗ ಕಣ್ಣನ್ನು ದೂರಕ್ಕೆ ನೆಟ್ಟು, ಮುಂದಿನ ಬ್ರೇಕ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲಿ ನೇರವಾಗಿ ಇಳಿಯಿರಿ. ಬೆಳಗಿನ ಹೊತ್ತು ಇಬ್ಬನಿಯ ತೇವದಿಂದ ಮರಳು ಬಿಗಿಯಾಗಿರುತ್ತದೆ. ಕಷ್ಟದ ದಿಬ್ಬಗಳನ್ನೆಲ್ಲ ಹತ್ತು ಗಂಟೆಯೊಳಗೆ ಮುಗಿಸಿಕೊಳ್ಳಿ.

ಆದರೆ ಥಾರ್ ಎಂದರೆ ಬರಿಯ ಮರಳ ದಿಬ್ಬವೆಂದು ತಿಳಿಯಬಾರದು, ಅದರ ಬಹುಭಾಗ ಕಲ್ಲು, ಗರಸು, ಕುರುಚಲು ಗಿಡ ಮತ್ತು ಜನರ ಬದುಕಿನ ನೆಲ. ಈ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೇಳುತ್ತೇನೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಾತ್ರ ಮಳೆ ಬೀಳುವ ಆ ನಾಡಿನಲ್ಲಿ ಪಾಲಿವಾಲರೆಂಬ ಬ್ರಾಹ್ಮಣ ಸಮುದಾಯದವರು ಶತಮಾನಗಳ ಹಿಂದೆ ಖಡೀನ್ ಎಂಬ ಹೊಲಗಳನ್ನು ಕಟ್ಟಿದರು. ಕಲ್ಲುನೆಲದ ಮೇಲೆ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕಿ ನಿಲ್ಲಿಸುತ್ತಾರೆ, ನೀರು ಇಂಗಿದ ಮೇಲೆ ಆ ತೇವದಲ್ಲಿಯೇ ಚಳಿಗಾಲದ ಗೋಧಿ, ಕಡಲೆ ಬೆಳೆಯುತ್ತಾರೆ. ಎರೆಹೊಲದಲ್ಲಿ ಒಡ್ಡು ಹಾಕಿ ಹಿಂಗಾರಿಯ ಜೋಳ, ಕಡಲೆ ಬೆಳೆಯುವ ನಮ್ಮವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಬೈಕಿನ ಮೇಲೆ ದೂರದಿಂದ ಬರುವವನ ಕಣ್ಣಿಗೆ ಮಾತ್ರ ಖಡೀನ್ ಎಂಬುದು ಮರಳಿನ ನಡುವೆ ಸಿಕ್ಕ ಸಮತಟ್ಟು ಮೈದಾನದಂತೆ, ಒಡ್ಡು ಎಂಬುದು ಹಾರಿಸಲು ಹೇಳಿ ಮಾಡಿಸಿದ ದಿಣ್ಣೆಯಂತೆ ಕಾಣುತ್ತದೆ. ನಿಮ್ಮ ಗದ್ದೆಯ ಬದುವಿನ ಮೇಲೆ ಯಾರಾದರೂ ಮೂರು ಬೈಕು ಹಾರಿಸಿದರೆ ನಿಮಗೆ ಏನನ್ನಿಸೀತೋ ಅಲ್ಲಿಯ ರೈತನಿಗೂ ಅದೇ ಅನ್ನಿಸುತ್ತದೆ. ಮಳೆನೀರು ಕೂಡಿಡುವ ಟಾಂಕಾ ಎಂಬ ನೆಲತೊಟ್ಟಿಗಳ ಸುತ್ತ ಗುಡಿಸಿ ಇಟ್ಟ ಅಂಗಳದಂಥ ಜಾಗವಿರುತ್ತದೆ. ಆ ಅಂಗಳದ ಮೇಲೆ ಬಿದ್ದ ನೀರನ್ನೇ ಜನ ಕುಡಿಯುವುದರಿಂದ ಅಲ್ಲಿ ಚಕ್ರ ಇಳಿಸುವುದಿರಲಿ, ಚಪ್ಪಲಿಯ ಕಾಲನ್ನೂ ಇಡಬೇಡಿ. ಓರಣ್ ಎಂದು ಕರೆಯುವ ದೇವರ ಬನಗಳಿಂದಲೂ ದೂರವಿರಿ.

ಮರಳ ದಿಬ್ಬಗಳಿಗೆ ಹೆಸರಾದ ಸಮ್ ಎಂಬ ಹಳ್ಳಿ ಮತ್ತು ಖೂರಿಯ ಸುತ್ತಲಿನ ಬಹುಪಾಲು ನೆಲ 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ನಮ್ಮ ಎರ್ಲಡ್ಡು, ಉಳಿದಿರುವ ಕೊನೆಯ ನೆಲೆಗಳಲ್ಲಿ ಅದು ಮುಖ್ಯವಾದದ್ದು. ಆ ಹಕ್ಕಿಯನ್ನು ರಾಜಸ್ಥಾನದವರು ಗೋಡಾವಣ್ ಎಂದು ಕರೆದು ರಾಜ್ಯಪಕ್ಷಿ ಮಾಡಿಕೊಂಡಿದ್ದಾರೆ. ಅದು ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಸಿರುಗುಪ್ಪದ ಎರೆಬಯಲಿನಲ್ಲಿಯೂ ಈ ಹಕ್ಕಿ ಕಂಡದ್ದುಂಟು. ಆ ಊರಿನವರಾದ ನೀವು ಅದರ ನೆಲದಲ್ಲಿ ಎಚ್ಚರದಿಂದಿರಬೇಕೆಂದು ನಾನು ಬೇರೆಯವರಿಗಿಂತ ಹೆಚ್ಚು ಒತ್ತಾಯದಿಂದ ಕೇಳುತ್ತೇನೆ. ಅನುಮತಿಯಿಲ್ಲದೆ ಉದ್ಯಾನದೊಳಗೆ ಬೈಕು ಇಳಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಯಾವ ದಿಬ್ಬ ಒಳಗಿದೆ, ಯಾವುದು ಹೊರಗಿದೆ ಎಂಬುದನ್ನು ಜೈಸಲ್ಮೇರ್‌ನ ಅರಣ್ಯ ಇಲಾಖೆಯಲ್ಲಿ ಕೇಳಿ, ನಕ್ಷೆಯ ಮೇಲೆ ಗುರುತು ಹಾಕಿಸಿಕೊಂಡೇ ಹೊರಡಿ. ಪೋಖರಣ್ ಬಳಿಯ ಸೇನೆಯ ಗುಂಡಿನ ಅಭ್ಯಾಸದ ಮೈದಾನದೊಳಗೆ ಸಿಡಿಯದೆ ಉಳಿದ ಮದ್ದುಗುಂಡುಗಳಿರುವ ಅಪಾಯವಿದೆ, ಆ ಕಡೆ ಬೇಲಿ ಕಾಣದಿದ್ದರೂ ರಸ್ತೆ ಬಿಡಬೇಡಿ.

ಉತ್ತರಕ್ಕೆ ರಾಮಗಢದ ಮೂಲಕ 1971ರ ಡಿಸೆಂಬರ್‌ನಲ್ಲಿ ಕಾಳಗ ನಡೆದ ಲೋಂಗೆವಾಲಾ ಮತ್ತು ಗಡಿ ಭದ್ರತಾ ಪಡೆಯವರೇ ಪೂಜೆ ನಡೆಸುವ ತನೋಟ್ ಮಾತೆಯ ಗುಡಿಯವರೆಗೆ ಡಾಂಬರು ರಸ್ತೆಯಿದೆ. ತನೋಟ್‌ನಿಂದ ಗಡಿಯ ಕಡೆಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ರಾಮಗಢದಲ್ಲಿಯೇ ಟ್ಯಾಂಕ್ ತುಂಬಿಸಿ. ಮರಳಿನಲ್ಲಿ ಮೈಲೇಜ್ ತೀರ ಇಳಿಯುವುದರಿಂದ ಮನೆಯ ಲೆಕ್ಕದ ಅರ್ಧವನ್ನೇ ಲೆಕ್ಕವೆಂದು ಇಟ್ಟುಕೊಳ್ಳಿ. ರಾತ್ರಿ ಆ ರಸ್ತೆಗಳಲ್ಲಿ ಒಂಟೆಗಳು ಅಡ್ಡ ನಿಂತಿರುತ್ತವೆ. ಅವುಗಳ ಕಾಲುಗಳು ಮಾತ್ರ ಬೆಳಕಿಗೆ ಸಿಗುತ್ತವೆ, ಮೈ ದೀಪದ ಬೆಳಕಿಗಿಂತ ಮೇಲಿರುತ್ತದೆ. ಕತ್ತಲಾದ ಮೇಲೆ ಓಡಿಸಬೇಡಿ.

ದಾರಿಯಲ್ಲಿ ಖೇಜ್ಡಿ ಎಂಬ ಮರ ನಿಮಗೆ ಅಲ್ಲಲ್ಲಿ ನೆರಳು ಕೊಡುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರವೇ. ನಾವು ಅದರ ಕೆಳಗೆ ಗಾಡಿ ನಿಲ್ಲಿಸಿದ್ದಾಗ ಮೊದಲು ಗುರುತು ಹಿಡಿದವನು ತಮ್ಮ. ಎಲೆಯ ಗೊಂಚಲೊಂದನ್ನು ಕಿತ್ತು, ಕಾಲು ಚಾಚಿ ಕುಳಿತಿದ್ದ ತಂಗಿಯ ಕೈಗಿಟ್ಟು, ದಸರೆಯಲ್ಲಿ ಹೇಳುವಂತೆಯೇ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದ. ಹಿಂದಿನ ಸಂಜೆಯಿಂದ ನಮ್ಮ ನಡುವೆ ನಿಂತುಹೋಗಿದ್ದ ಮಾತು ಮತ್ತೆ ಶುರುವಾದದ್ದು ಅಲ್ಲಿ.

ಪ್ರಶ್ನೆ: ನಾನು ಕೊಪ್ಪಳದ ಪದವಿ ವಿದ್ಯಾರ್ಥಿನಿ. ಅಣ್ಣಂದಿರಿಬ್ಬರು ಮರುಭೂಮಿಗೆ ಬೈಕಿನಲ್ಲಿ ಹೊರಟಿದ್ದಾರೆ. ಬಿದ್ದ ಗಾಡಿ ಎತ್ತಲು ನನ್ನಿಂದ ಆಗುವುದಿಲ್ಲವೆಂದು ನನ್ನನ್ನು ಬಿಟ್ಟು ಹೋಗುವ ಯೋಚನೆಯಲ್ಲಿದ್ದಾರೆ. ಅವರ ಮಾತು ನಿಜವೇ?

ಉತ್ತರ: ನಿಜವಲ್ಲ. ಎತ್ತುವುದು ತೋಳಿನ ಕೆಲಸವೆಂದು ಭಾವಿಸಿರುವುದರಿಂದ ಅವರು ಹಾಗೆ ಹೇಳುತ್ತಿದ್ದಾರೆ. ಬೈಕು ಎಡಕ್ಕೆ ಬಿದ್ದಿದ್ದರೆ ಮೊದಲು ಎಂಜಿನ್ ಆರಿಸಿ, ಗೇರ್ ಹಾಕಿ, ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದರಲ್ಲಿ ಹಿಂಬದಿಯ ಕಂಬಿ ಹಿಡಿದು, ತೊಡೆಯ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಿಡುತ್ತ ಎದ್ದರೆ ಗಾಡಿ ತಾನೇ ಏಳುತ್ತದೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲವಾದರೆ ಆಚೆ ಬದಿಗೆ ಉರುಳುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳುವಾಗ ಬಲ ಎಲ್ಲಿಂದ ಬರುತ್ತದೋ ಇಲ್ಲಿಯೂ ಅಲ್ಲಿಂದಲೇ ಬರಬೇಕು. ಹುಲ್ಲಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಅಣ್ಣಂದಿರ ಎದುರಿಗೇ ಎತ್ತಿ ತೋರಿಸಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರು 2019ರಲ್ಲಿ, ಮರಳು ಮತ್ತು ಕಲ್ಲುದಾರಿಗಳ ಮೇಲೆಯೇ ನಡೆಯುವ ಬೈಕ್ ರ್‍ಯಾಲಿ ಸ್ಪರ್ಧೆಯಾದ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ) ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದಿದ್ದಾರೆ ಎಂಬುದನ್ನೂ ಅವರಿಗೆ ತಿಳಿಸಿ.

ಜೀನ್ಸ್ ಹಾಕಿಕೊಂಡು ಹೋಗುವುದಾಗಿ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಬಳ್ಳಾರಿಯ ಜೀನ್ಸ್ ಎಷ್ಟೇ ಗಟ್ಟಿಯಾದರೂ ಮಂಡಿಯ ಎಲುಬನ್ನು ಕಾಯುವುದಿಲ್ಲ. ಮಂಡಿ, ಮೊಣಕೈ ಕವಚಗಳನ್ನು ಮತ್ತು ಕಣಕಾಲನ್ನು ಬಿಗಿಯಾಗಿ ಹಿಡಿಯುವ ಎತ್ತರದ ಬೂಟುಗಳನ್ನು ತಪ್ಪದೆ ಕೊಳ್ಳಿ. ನನ್ನ ತಂಗಿಗೆ ಅಂದು ಅಂಥ ಬೂಟು ಇರಲಿಲ್ಲ.

ಪ್ರಶ್ನೆ: ರಾಜಸ್ಥಾನಕ್ಕೆ ಹೋಗುವ ಮೊದಲು ನಮ್ಮ ಭಾಗದಲ್ಲಿಯೇ ಮರಳಿನ ಅಭ್ಯಾಸ ಮಾಡಲು ಸಾಧ್ಯವೇ? ನಾನೂ ತಮ್ಮನೂ ಬಳ್ಳಾರಿಯಲ್ಲಿದ್ದೇವೆ.

ಉತ್ತರ: ಹಗರಿ ನದಿ ಇರುವಾಗ ನೀವು ಬೇರೆ ಕಡೆ ಹುಡುಕಬೇಕಾಗಿಲ್ಲ. ಮೋಕಾ ಕಡೆಗೆ ಹೋದರೆ ಬೇಸಿಗೆಯಲ್ಲಿ ಅದರ ಪಾತ್ರ ಅಗಲವಾದ ಒಣಮರಳಾಗಿ ಬಿದ್ದಿರುತ್ತದೆ. ಗಾಳಿಗೆ ಹಾರಿದ ಅದರ ಮರಳು ದಂಡೆಯ ಹೊಲಗಳ ಮೇಲೆ ಕೂರುವುದನ್ನು ಅಲ್ಲಿಯ ರೈತರು ಬಲ್ಲರು. ಊರಿನವರನ್ನು ಕೇಳಿಕೊಂಡು ಇಳಿಯಿರಿ. ಮೊದಲು ಪಾತ್ರದ ಉದ್ದಕ್ಕೂ ನಡೆದು ನೋಡಿ, ಮರಳು ಎತ್ತಿದ ಗುಂಡಿಗಳಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಎರಡನೆಯ ಗೇರಿನಲ್ಲಿ ಹೊರಡುವುದು, ಫುಟ್‌ರೆಸ್ಟ್ ಮೇಲೆ ನಿಂತು ಭಾರವನ್ನು ಸ್ವಲ್ಪ ಹಿಂದಕ್ಕೆ ಹಾಕುವುದು, ಹ್ಯಾಂಡಲ್ ಅಲುಗಾಡಿದರೆ ಅದನ್ನು ಬಿಗಿಹಿಡಿಯದೆ ಅಲುಗಾಡಲು ಬಿಡುವುದು, ಇವು ಮೈಗೂಡಲು ನಾಲ್ಕಾರು ಭಾನುವಾರಗಳು ಬೇಕು. ಹ್ಯಾಂಡಲ್ ನಡುಗಿದಾಗ ಎಕ್ಸಲರೇಟರ್ ಬಿಡಬೇಕೆನ್ನಿಸುತ್ತದೆ. ಬಿಟ್ಟ ಕ್ಷಣ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಿದ್ದು ಅದು ಹೂತುಕೊಳ್ಳುತ್ತದೆ. ಸ್ವಲ್ಪ ಹೆಚ್ಚಿಸಿದರೆ ಗಾಡಿ ತಾನಾಗಿ ನೆಟ್ಟಗಾಗುತ್ತದೆ. ಹಿಂದಿನ ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಕೂಡಲೇ ನಿಲ್ಲಿಸಿ, ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಚಕ್ರ ತೋಡಿದ ಗುಣಿಯನ್ನು ಕಾಲಿನಿಂದ ಮುಚ್ಚಿ, ಮತ್ತೆ ಎತ್ತಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಅಭ್ಯಾಸದ ದಿನವೇ ಟ್ಯೂಬ್ ಬಿಚ್ಚಿ ಪಂಕ್ಚರ್ ಹಾಕುವುದನ್ನು ಇಬ್ಬರೂ ಕಲಿಯಿರಿ. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಏನು ಮಾಡುತ್ತದೆಂಬುದು ನಿಮಗೆ ಗೊತ್ತಿದೆ. ಅದೇ ಗಿಡ ವಿಲಾಯ್ತಿ ಬಬೂಲ್ ಎಂಬ ಹೆಸರಿನಲ್ಲಿ ಅಲ್ಲಿಯೂ ಎಲ್ಲೆಡೆ ಹಬ್ಬಿದೆ. ಪಂಕ್ಚರ್ ಹಾಕಿದ ಮೇಲೆ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುರಿದ ಮುಳ್ಳಿನ ತುದಿಯನ್ನು ತೆಗೆಯದಿದ್ದರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿರುವ ತಾಯಿ ನಾನು. ಮೂವರು ಮಕ್ಕಳೂ ಒಟ್ಟಿಗೆ ಮರುಭೂಮಿಗೆ ಬೈಕಿನಲ್ಲಿ ಹೊರಟಿದ್ದಾರೆ. ಬೇಡವೆನ್ನಲು ಮನಸ್ಸಿಲ್ಲ, ನಿದ್ದೆಯೂ ಬರುತ್ತಿಲ್ಲ. ನಾನು ಇಲ್ಲಿಂದ ಏನು ಮಾಡಬಹುದು?

ಉತ್ತರ: ಅಮ್ಮಾ, ನೀವು ಮಾಡಬಹುದಾದ ಕೆಲಸ ಬಹಳ ಮುಖ್ಯವಾದದ್ದು. ಹೊರಡುವ ಮೊದಲು ಮೂವರನ್ನೂ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಯಾವ ದಿನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ರಾತ್ರಿ ಯಾರ ಮನೆಯಲ್ಲಿ ಅಥವಾ ಯಾವ ತಂಗುದಾಣದಲ್ಲಿ ಉಳಿಯುತ್ತಾರೆ, ಮಾರ್ಗದರ್ಶಿಯ ಫೋನ್ ಸಂಖ್ಯೆ ಯಾವುದು, ಬೈಕುಗಳ ನೋಂದಣಿ ಸಂಖ್ಯೆಗಳು ಯಾವುವು, ಮೂವರ ರಕ್ತದ ಗುಂಪು ಯಾವುದು ಎಂಬುದನ್ನು ಬರೆಸಿಕೊಳ್ಳಿ. ಗಡಿಯ ಕಡೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುವುದರಿಂದ ಹಗಲಿನಲ್ಲಿ ಕರೆ ಬರದಿದ್ದರೆ ಗಾಬರಿಯಾಗಬೇಡಿ. ರಾತ್ರಿ ಎಂಟು ಗಂಟೆಯೊಳಗೆ ಕರೆ ಬರಬೇಕೆಂದು ಗೊತ್ತುಮಾಡಿ, ಆ ಕರೆಯಲ್ಲಿ ಮೂವರ ದನಿಯನ್ನೂ ನೀವೇ ಕೇಳಬೇಕೆಂದು ಹೇಳಿ. ಹಿರಿಯವನೊಬ್ಬನೇ ಮಾತನಾಡಿ ಎಲ್ಲ ಸರಿಯಿದೆಯೆಂದರೆ ಸಾಕೆನ್ನಬೇಡಿ, ಕಿರಿಯವರಿಗೆ ಬಿದ್ದೆಯಾ, ನೋವಾಯಿತೇ ಎಂದು ನೇರವಾಗಿ ಕೇಳಿ. ಅಣ್ಣನಿಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ.

ಎಂಟಕ್ಕೆ ಕರೆ ಬರದಿದ್ದರೆ ಒಂದು ಗಂಟೆ ಕಾದು, ಮೊದಲು ತಂಗುದಾಣಕ್ಕೆ, ನಂತರ ಮಾರ್ಗದರ್ಶಿಗೆ ಫೋನ್ ಮಾಡಿ. ಅವರಿಂದಲೂ ಸುದ್ದಿ ಸಿಗದಿದ್ದರೆ ಪೊಲೀಸರಿಗೆ ತಿಳಿಸಬೇಕು. ಇಲ್ಲಿಂದ 112ಕ್ಕೆ ಮಾಡಿದ ಕರೆ ನಮ್ಮ ರಾಜ್ಯದ ನಿಯಂತ್ರಣ ಕೊಠಡಿಗೇ ಹೋಗುತ್ತದೆ. ಆದ್ದರಿಂದ ಜೈಸಲ್ಮೇರ್ ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಯ ನೇರ ಸಂಖ್ಯೆಯನ್ನು ಮಕ್ಕಳು ಅಲ್ಲಿಗೆ ತಲುಪಿದ ದಿನವೇ ಕೇಳಿ ತಿಳಿದು ನಿಮಗೆ ಕಳಿಸಲಿ, ಅದನ್ನು ಅದೇ ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಹಿಂದಿ ಬಲ್ಲ ನೆಂಟರೋ ನೆರೆಯವರೋ ಒಬ್ಬರಿಗೆ ಹಾಳೆಯ ನಕಲು ಕೊಟ್ಟು, ಆ ನಾಲ್ಕೈದು ರಾತ್ರಿ ಅವರ ಫೋನ್ ಆರಿಸದಂತೆ ಕೇಳಿಕೊಳ್ಳಿ.